ಅಜ್ಜನ ಹೆಸರಿನ ಜಾಡು ಹಿಡಿದು

ಸ್ಕಾಟ್ಲೆಂಡಿನ ಮನೆತನವೊಂದರ ವಂಶವೃಕ್ಷ ಬರೆಯಲು ಕೂತವರಿಗೆ 1855ರವರೆಗೆ ಹಿಂದಕ್ಕೆ ಹೋಗುವುದು ಅಷ್ಟೇನೂ ಕಷ್ಟವಲ್ಲ. ಆ ವರ್ಷದ ಜನವರಿ 1ರಿಂದ ಸರ್ಕಾರಿ ನೋಂದಣಿ ಶುರುವಾಯಿತು. ಮರಣದ ದಾಖಲೆಯಲ್ಲಿ ಸತ್ತವರ ತಂದೆಯ ಹೆಸರಿನ ಜೊತೆಗೆ ತಾಯಿಯ ತವರಿನ ಅಡ್ಡಹೆಸರೂ ಸಾಮಾನ್ಯವಾಗಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಊರೂರಿನ ಚರ್ಚಿನ ರಿಜಿಸ್ಟರುಗಳೇ ಗತಿ. ಎಷ್ಟೋ ಕಡೆ ಪುಟಗಳೇ ಕಳೆದುಹೋಗಿವೆ. ಸಾಲದ್ದಕ್ಕೆ 1783ರಲ್ಲಿ ಪ್ರತಿ ನಮೂದಿಗೆ 3 ಪೆನ್ಸ್ ತೆರಿಗೆ ಬಿತ್ತು. 1794ರಲ್ಲಿ ಅದು ರದ್ದಾಗುವ ತನಕ ಎಷ್ಟೋ ಜನ ಮಕ್ಕಳ ಹೆಸರು ಬರೆಸುವ ಗೋಜಿಗೇ ಹೋಗಲಿಲ್ಲ.

ಇಂಥ ಕಡೆ ನೆರವಿಗೆ ಬರುವುದು ಹೆಸರಿಡುವ ವಾಡಿಕೆ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು, ಮೂರನೆಯವನಿಗೆ ಸ್ವತಃ ಅಪ್ಪನದು. ಹಿರಿ ಮಗಳಿಗೆ ತಾಯಿಯ ತಾಯಿಯದು, ಎರಡನೆಯವಳಿಗೆ ತಂದೆಯ ತಾಯಿಯದು. ಮೊಮ್ಮಗನಿಗೆ ಅಜ್ಜನ ಹೆಸರಿಡುವ ನಮಗೆ ಇದು ಹೊಸದೇನಲ್ಲ. ಸರದಿ ಮಾತ್ರ ಅವರದು ಕಟ್ಟುನಿಟ್ಟು.

1851ರ ಜನಗಣತಿಯಲ್ಲಿ ಜಾನ್ ಎಂಬವನ ಮನೆ ಸಿಕ್ಕಿತು ಎಂದುಕೊಳ್ಳಿ. ಮಕ್ಕಳು: ಅಲೆಕ್ಸಾಂಡರ್ 11, ಮಾರ್ಗರೆಟ್ 9, ವಿಲಿಯಂ 7, ಜಾನ್ 2. ಜಾನ್‌ನ ಅಪ್ಪ ಅಲೆಕ್ಸಾಂಡರ್, ಹೆಂಡತಿಯ ತಂದೆತಾಯಿ ವಿಲಿಯಂ ಮತ್ತು ಮಾರ್ಗರೆಟ್ ಇರಬಹುದು ಎಂದು ಹುಡುಕಾಟ ಶುರುಮಾಡಬಹುದು. ಇನ್ನು ವಿಲಿಯಂಗೂ ಚಿಕ್ಕ ಜಾನ್‌ಗೂ ನಡುವೆ ಐದು ವರ್ಷ. ಎದೆಹಾಲು ಕುಡಿಸುತ್ತಿದ್ದ ಕಾಲದಲ್ಲಿ ಎರಡು-ಮೂರು ವರ್ಷಕ್ಕೊಂದು ಹೆರಿಗೆ ಸಾಮಾನ್ಯ. ಹಾಗಾಗಿ ನಡುವೆ ಹುಟ್ಟಿ ತೀರಿಕೊಂಡ ಮಗುವೊಂದು ಇದ್ದಿರಬಹುದು. ಅದೂ ಜಾನ್ ಎಂಬ ಗಂಡುಮಗುವೇ ಆಗಿದ್ದಿರಬಹುದು. ತೀರಿಕೊಂಡ ಮಗುವಿನ ಹೆಸರನ್ನು ಮುಂದಿನ ಕೂಸಿಗೆ ಇಡುವುದು ಆಗ ಮಾಮೂಲು. ಅಥವಾ ಅಪ್ಪ ದುಡಿಮೆಗೆಂದು ದೂರ ಹೋಗಿದ್ದಿರಬಹುದು.

ಹೆಂಡತಿಯ ಕಡೆಯವರನ್ನು ಹುಡುಕಲು ಮದುವೆಯ ನಮೂದೂ ಬೇಕಾಗುತ್ತದೆ. ಮದುವೆ ಸಾಮಾನ್ಯವಾಗಿ ಹೆಣ್ಣಿನ ಊರಿನಲ್ಲಿ ನಡೆಯುತ್ತಿತ್ತು. ಗಂಡನ ಊರಿನ ರಿಜಿಸ್ಟರಿನಲ್ಲಿ ಅದು ಕಾಣದಿದ್ದರೆ ಹೆಂಡತಿಯ ತವರಿನಲ್ಲಿ ನೋಡಬೇಕು.

ಇಷ್ಟಾದರೂ ಹೆಸರಿಡುವ ವಾಡಿಕೆ ಸಾಕ್ಷಿಯಲ್ಲ. ಎಲ್ಲರೂ ಅದನ್ನು ಪಾಲಿಸಲಿಲ್ಲ. ಕೆಲವರು ಪಾದ್ರಿಯ ಹೆಸರನ್ನೋ ಜಮೀನ್ದಾರನ ಹೆಸರನ್ನೋ ಇಟ್ಟರು. ಇಬ್ಬರೂ ಅಜ್ಜಂದಿರ ಹೆಸರು ಒಂದೇ ಆದಾಗ ಒಂದೇ ಹೆಸರಿನ ಇಬ್ಬರು ಮಕ್ಕಳು ಒಂದೇ ಮನೆಯಲ್ಲಿ ಬದುಕಿದ್ದ ಉದಾಹರಣೆಗಳೂ ಇವೆ. ಅನುಭವಿಗಳು ಊಹಿಸಿದ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆದುಕೊಂಡು ದೀಕ್ಷಾಸ್ನಾನದ ನಮೂದಿಗೆ ಹೋಗುತ್ತಾರೆ. ಅಲ್ಲಿ ಸಾಕ್ಷಿಗಳ ಹೆಸರಿದ್ದರೆ ಅದನ್ನು ಬಿಡುವುದಿಲ್ಲ: ಸಾಕ್ಷಿಗೆ ನಿಂತವರು ಎಷ್ಟೋ ಸಲ ಮಗುವಿನ ಅಜ್ಜನೋ ಮಾವನೋ ಆಗಿರುತ್ತಿದ್ದರು.