ಚಿಕ್ಕ ರಿವಾಲ್ವರಿಗೆ ಯಾವ ತೋಟೆ?

ಶ್ರೀ ಸ್ವಾಮಿ ಸಮರ್ಥರ ದರ್ಶನಕ್ಕೆಂದು ಅಕ್ಕಲಕೋಟೆಗೆ ಬರುವವರಲ್ಲಿ ಅನೇಕರು ಭೋಸಲೆ ಅರಸರ ಶಸ್ತ್ರಾಗಾರವನ್ನೂ ನೋಡಿ ಹೋಗುತ್ತಾರೆ. ಅಲ್ಲಿಯ ಖಡ್ಗ, ಬಂದೂಕುಗಳಿಂದ ಇಂದು ಯಾರಿಗೂ ಭಯವಿಲ್ಲ. ಭಯವಿರುವುದು ಪರವಾನಗಿ ಪಡೆದು ಮನೆಯ ಕಪಾಟಿನಲ್ಲಿರಿಸಿದ ಚಿಕ್ಕ ರಿವಾಲ್ವರಿನದು. ಅದಕ್ಕೆ ಯಾವ ತೋಟೆ, ನಮ್ಮ ಕಡೆಯ ಮಾತಿನಲ್ಲಿ ಕಾಡತೂಸು, ತುಂಬಬೇಕೆಂಬ ಪ್ರಶ್ನೆ ಒಡೆಯನೊಬ್ಬನದೇ ಅಲ್ಲ, ಮನೆಮಂದಿಯೆಲ್ಲರದು.

ಸೊಲ್ಲಾಪುರ ನಗರದವರಿಗೆ ಪರವಾನಗಿ ಕೊಡುವವರು ಪೊಲೀಸ್ ಆಯುಕ್ತರು. ಅಕ್ಕಲಕೋಟೆ ತಾಲೂಕಿನವರಿಗೆ ಜಿಲ್ಲಾಧಿಕಾರಿಗಳು. ಎಷ್ಟು ತೋಟೆ ಕೊಳ್ಳಬಹುದೆಂಬುದನ್ನೂ ಆ ಪತ್ರವೇ ನಿಶ್ಚಯಿಸುತ್ತದೆ. .38 ಹಾಗೂ 9 ಮಿ.ಮೀ. ಅಳತೆಗಳು ನಿಷಿದ್ಧ ವರ್ಗಕ್ಕೆ ಸೇರಿರುವುದರಿಂದ ನಾಗರಿಕನ ಕೈಗೆ ಬರುವುದು ಸಾಮಾನ್ಯವಾಗಿ .32. ಕಾನಪುರದ ಕಾರ್ಖಾನೆ 2014ರಲ್ಲಿ ಸ್ತ್ರೀಯರಿಗಾಗಿ ಹೊರತಂದ, ಸುಮಾರು 500 ಗ್ರಾಂ ತೂಕದ ‘ನಿರ್ಭೀಕ್’ ಕೂಡ ಇದೇ ಅಳತೆಯದು. ಅದರ ಬೆಲೆ ಆಗಲೇ ಲಕ್ಷವನ್ನು ಮೀರಿತ್ತು. ಬೀಡಿ ಕಟ್ಟುವ ನಮ್ಮ ತಾಯಂದಿರಿಗೆ ಅದು ಯಾವ ಲೋಕದ ಮಾತೋ!

ಇಲ್ಲಿ ಮುಖ್ಯವಾದ ಎಚ್ಚರಿಕೆಯೊಂದಿದೆ. ‘.32’ ಎಂಬ ಹೆಸರಿನ ತೋಟೆಗಳು ಎರಡು ಬಗೆ. ರಿವಾಲ್ವರಿನದರ ಹಿತ್ತಾಳೆಯ ಕೋಶ ಸುಮಾರು 23 ಮಿ.ಮೀ. ಉದ್ದ, ಪಿಸ್ತೂಲಿನದು 17 ಮಿ.ಮೀ. ಗಿಡ್ಡದಾದ ಪಿಸ್ತೂಲಿನ ತೋಟೆ ಕೆಲವು ರಿವಾಲ್ವರುಗಳಲ್ಲಿ ಕೂತುಬಿಡುತ್ತದೆ, ಆದರೆ ಅದರ ಒತ್ತಡ ಹೆಚ್ಚಿನದು. ಕೂತಿತೆಂದು ಹಾರಿಸಿದರೆ ಆಯುಧಕ್ಕೂ ಹಿಡಿದ ಕೈಗೂ ಕೇಡು. ಆದುದರಿಂದ ಅಂಗಡಿಯಲ್ಲಿ ‘.32 ಕೊಡಿ’ ಎಂದಷ್ಟೇ ಕೇಳದೆ, ರಿವಾಲ್ವರಿನದೆಂದು ಸ್ಪಷ್ಟವಾಗಿ ಹೇಳಿ, ಪೆಟ್ಟಿಗೆಯ ಮೇಲಿನದನ್ನು ಓದಿ ಕೊಳ್ಳಬೇಕು. ದೇಶೀಯ ತೋಟೆಯ ತಳದಲ್ಲಿ ‘ಕೆ.ಎಫ್.’ ಎಂಬ ಮುದ್ರೆಯಿದ್ದರೆ ಅದು ಖಡಕಿಯದು. ಮುಂಬಯಿಗೆ ಹೋಗುವ ನಮ್ಮ ರೈಲು ಪುಣೆ ದಾಟಿದೊಡನೆ ಸಿಗುವ ಆ ಊರಿನಲ್ಲಿ 1869ರಿಂದ ಮದ್ದುಗುಂಡಿನ ಕಾರ್ಖಾನೆಯಿದೆ.

ತುದಿ ಟೊಳ್ಳಾಗಿದ್ದು ದೇಹದೊಳಗೆ ಅರಳುವ ಗುಂಡೇ ಶ್ರೇಷ್ಠವೆಂಬ ನಂಬಿಕೆ ಹಲವರಲ್ಲುಂಟು. ಅಂಥ ಗುಂಡಿಗೆ ‘ದಮ್‌ದಮ್’ ಎಂಬ ಹೆಸರು ಬಂದದ್ದು ಕಲಕತ್ತೆಯ ಸಮೀಪದ ದಮ್‌ದಮ್ ಶಸ್ತ್ರಾಗಾರದಿಂದ; 1899ರ ಹೇಗ್ ಘೋಷಣೆ ಅದನ್ನು ಯುದ್ಧದಲ್ಲಿ ನಿಷೇಧಿಸಿತು. ಆದರೆ ಅರಳಲು ವೇಗ ಬೇಕು. .32 ರಿವಾಲ್ವರಿನ ಆರೂಕಾಲು ಗ್ರಾಂ ಸೀಸದ ಗುಂಡು ಸೆಕೆಂಡಿಗೆ ಸುಮಾರು ಇನ್ನೂರು ಮೀಟರ್ ವೇಗದಲ್ಲಿ ಸಾಗುತ್ತದೆ, ಗಿಡ್ಡ ನಳಿಕೆಯಲ್ಲಿ ಇನ್ನೂ ಕಡಿಮೆ. ಬಟ್ಟೆಯ ನೂಲು ತುಂಬಿದ ಟೊಳ್ಳು ಈ ವೇಗದಲ್ಲಿ ಬಹುಶಃ ಅರಳುವುದೇ ಇಲ್ಲ. ಹೆಚ್ಚು ಬಲದ ತೋಟೆ ಹಗುರ ಆಯುಧವನ್ನು ಕೈಯಲ್ಲಿ ಜಿಗಿಸುತ್ತದೆ. ಎರಡನೆಯ ಗುರಿ ತಪ್ಪುತ್ತದೆ. ಸಾಧಾರಣ ಸೀಸದ ಗುಂಡೇ ಸಾಕೆಂಬುದು ನನ್ನ ಅಭಿಪ್ರಾಯ. ಆದರೆ ಅದೂ ಪತ್ರೆಯ ಗೋಡೆಯಲ್ಲಿ ನಿಲ್ಲುವುದಿಲ್ಲ. ಒತ್ತೊತ್ತಾಗಿ ಮನೆಗಳಿರುವ ನಮ್ಮ ವಸತಿಗಳಲ್ಲಿ ಗೋಡೆಯಾಚೆ ನೆರೆಮನೆಯ ಮಗು ಮಲಗಿರುತ್ತದೆ.

ಬಗೆಗಿಂತಲೂ ತೋಟೆಯ ಸ್ಥಿತಿ ದೊಡ್ಡದು. ತೊಗಲಿನ ಪಟ್ಟಿಯಲ್ಲಿ ವರ್ಷಗಟ್ಟಲೆ ಇಟ್ಟವಕ್ಕೆ ಹಸಿರು ಕಿಲುಬು ಹತ್ತುತ್ತದೆ. ಆಯುಧಕ್ಕೆ ಹಚ್ಚಿದ ಎಣ್ಣೆ ತೋಟೆಯ ತಳಕ್ಕಿಳಿದರೆ ಕಿಡಿಯೇ ಹುಟ್ಟದು. ಹಳೆಯವನ್ನು ಅಧಿಕೃತ ಅಭ್ಯಾಸ ಕೇಂದ್ರದಲ್ಲಿ ಮುಗಿಸಿ, ಹೊಸವನ್ನು ಒಣ ಡಬ್ಬಿಯಲ್ಲಿರಿಸುವುದು ಲೇಸು. ಮದುವೆಯ ಮೆರವಣಿಗೆಯಲ್ಲಿ ಮುಗಿಸುವಂತಿಲ್ಲ. 2019ರ ತಿದ್ದುಪಡಿಯ ಮೇರೆಗೆ, ಜನರ ಜೀವಕ್ಕೆ ಕುತ್ತಾಗುವ ಅಂಥ ಹರ್ಷದ ಗುಂಡಿಗೆ ಎರಡು ವರ್ಷಗಳವರೆಗೆ ಸೆರೆಮನೆಯುಂಟು.

ತುಂಬಿದ ರಿವಾಲ್ವರಿನ ಕುದುರೆಯನ್ನೆಳೆಯಲು ಶಾಲೆಗೆ ಹೋಗುವ ಮಗುವಿನ ಎರಡು ಕೈಗಳ ಬಲ ಸಾಕು. ರಾತ್ರಿಯ ಕಳ್ಳನಿಗಾಗಿ ತುಂಬಿಯೇ ಇಡಬೇಕೆನ್ನುವವರ ವಾದವನ್ನು ಕೇಳಿದ್ದೇನೆ; ಮಕ್ಕಳಿರುವ ಮನೆಯಲ್ಲಿ ಅದನ್ನು ಒಪ್ಪಲಾರೆ. ಆಯುಧವನ್ನು ಬರಿದುಮಾಡಿ ಒಂದು ಬೀಗದಲ್ಲಿ, ತೋಟೆಗಳನ್ನು ಎಣಿಸಿ ಇನ್ನೊಂದು ಬೀಗದಲ್ಲಿ ಇಡಬೇಕು; ಎರಡು ಬೀಗದ ಕೈಗಳೂ ಒಂದೇ ಗೊಂಚಲಿನಲ್ಲಿರಬಾರದು.