ನವಾಹೊ ನೆಲದ ಪ್ರಯೋಗಾಲಯ

2015ರ ಆಗಸ್ಟ್ 5ರಂದು ಅಮೆರಿಕದ ಕೊಲರಾಡೊದಲ್ಲಿ ಗೋಲ್ಡ್ ಕಿಂಗ್ ಎಂಬ ಪಾಳುಬಿದ್ದ ಗಣಿಯ ಬಾಯಿ ಒಡೆಯಿತು. ಅಮೆರಿಕ ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆಯ ತಂಡ ಕೆಲಸ ಮಾಡುತ್ತಿದ್ದಾಗಲೇ ಆದ ಅವಘಡ ಇದು. ಸೀಸ, ಆರ್ಸೆನಿಕ್ ಬೆರೆತ ಸುಮಾರು 30 ಲಕ್ಷ ಗ್ಯಾಲನ್ ಗಣಿ ನೀರು ಅನಿಮಸ್ ಹೊಳೆಗೆ ನುಗ್ಗಿತು. ಅಲ್ಲಿಂದ ಸ್ಯಾನ್ ವಾನ್ ನದಿ ಸೇರಿ ನವಾಹೊ ಎಂಬ ಮೂಲನಿವಾಸಿ ಜನರ ಮೆಕ್ಕೆಜೋಳದ ಹೊಲಗಳತ್ತ ಹರಿಯಿತು. ಕಿತ್ತಳೆ ಬಣ್ಣಕ್ಕೆ ತಿರುಗಿದ ನದಿಯನ್ನು ಕಂಡು ಶಿಪ್‌ರಾಕ್‌ನ ರೈತರು ಕಾಲುವೆಯ ತೂಬು ಮುಚ್ಚಿದರು. ನೀರು ಪರವಾಗಿಲ್ಲ ಎಂದು ಅಧಿಕಾರಿಗಳು ಆಮೇಲೆ ಹೇಳಿದರೂ ಕಾಲುವೆ ತೆರೆಯುವುದು ಬೇಡವೆಂದು ಊರಿನವರು ಸಭೆ ಸೇರಿ ತೀರ್ಮಾನಿಸಿದರು. ಬೆಳೆ ಕಣ್ಣೆದುರೇ ಒಣಗಿತು.

ಅಪಾಯ ಎಷ್ಟೆಂದು ಅಂದಾಜು ಮಾಡುವಾಗ ಸರ್ಕಾರಿ ಸಂಸ್ಥೆ ಮನಸ್ಸಿನಲ್ಲಿಟ್ಟುಕೊಂಡಿದ್ದು ಒಬ್ಬ ಚಾರಣಿಗನನ್ನು. ವಿಹಾರಕ್ಕೆ ಬಂದು, ನದಿ ದಂಡೆಯಲ್ಲಿ ಅಡ್ಡಾಡಿ, ಒಂದಿಷ್ಟು ನೀರು ಕುಡಿದು ಹೋಗುವವನ ಮೈಗೆ ಎಷ್ಟು ವಿಷ ಸೇರಬಹುದು ಎಂಬ ಲೆಕ್ಕ. ಆದರೆ ನವಾಹೊ ಹೆಂಗಸು ನದಿಯ ಹತ್ತಿರ ಹೋಗುವುದು ವಿಹಾರಕ್ಕಲ್ಲ. ಆಕೆಯ ಕುರಿಗಳು ಕುಡಿಯುವುದು ಅದೇ ನೀರು, ಹೊಲಕ್ಕೆ ಹಾಯುವುದೂ ಅದೇ. ಮಕ್ಕಳು ಆಡುವುದು ಅದರ ಕಾಲುವೆಯಲ್ಲಿ. ಬೆಳಗಿನ ಪ್ರಾರ್ಥನೆಯಲ್ಲಿ ನಾಲಗೆಗೆ ಮುಟ್ಟಿಸಿಕೊಳ್ಳುವ ಮೆಕ್ಕೆಜೋಳದ ಪರಾಗ ಬರುವುದೂ ಆ ನೀರುಂಡ ಬೆಳೆಯಿಂದ.

ಈ ಕೊರತೆಯನ್ನು ಮೊದಲು ಗುರುತಿಸಿದವರಲ್ಲಿ ನವಾಹೊ ಸಮುದಾಯದವರೇ ಆದ ಜಲವಿಜ್ಞಾನಿ ಕಾರ್ಲೆಟಾ ಚೀಫ್ ಒಬ್ಬರು. ಅರಿಜೋನಾ ವಿಶ್ವವಿದ್ಯಾಲಯದ ಅವರ ತಂಡ, ನವಾಹೊ ರಾಷ್ಟ್ರ ಎಂಬ ಆ ಜನರ ಸ್ವಯಮಾಡಳಿತದ ಆರೋಗ್ಯ ಕಾರ್ಯಕರ್ತರು ಮತ್ತು ಡಿನೇ ಕಾಲೇಜಿನವರ ಜೊತೆಗೂಡಿ ಜನರನ್ನು ಕೂರಿಸಿಕೊಂಡು ಮಾತಾಡಿಸಿತು. ನದಿಯ ಜೊತೆ ನಿಮಗೆ ಏನೇನು ನಂಟು ಎಂದು ಕೇಳಿದಾಗ ಸಿಕ್ಕ ಪಟ್ಟಿಯಲ್ಲಿ 40ಕ್ಕೂ ಹೆಚ್ಚು ಬಗೆಯ ಬಳಕೆಗಳಿದ್ದವು. ಅವುಗಳಲ್ಲಿ ಬಹುಪಾಲು ಚಾರಣಿಗನ ಲೆಕ್ಕದಲ್ಲಿ ಇರಲೇ ಇಲ್ಲ. ಮಣ್ಣು, ನೀರು ಅಳೆಯುವ ಯಂತ್ರ ಯಾವ ಊರಿನಲ್ಲಿದ್ದರೂ ನಡೆದೀತು. ಯಾವುದನ್ನು ಅಳೆಯಬೇಕು ಎಂದು ಹೇಳಲು ಮಾತ್ರ ಆ ದಂಡೆಯಲ್ಲಿ ಬೆಳೆದವರೇ ಬೇಕಾಯಿತು.

ಅಂಥವರನ್ನು ತಯಾರು ಮಾಡುವ ಜಾಗ ಡಿನೇ ಕಾಲೇಜು. ಡಿನೇ ಎಂಬುದು ನವಾಹೊ ಜನ ತಮ್ಮನ್ನು ಕರೆದುಕೊಳ್ಳುವ ಹೆಸರು. ಅರಿಜೋನಾ, ನ್ಯೂ ಮೆಕ್ಸಿಕೊ, ಯೂಟಾ ರಾಜ್ಯಗಳಲ್ಲಿ ಹರಡಿರುವ ಅವರ ಸೀಮೆ ಸುಮಾರು 70 ಸಾವಿರ ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. 1968ರಲ್ಲಿ ಅವರೇ ಕಟ್ಟಿಕೊಂಡ ಈ ಕಾಲೇಜು ಅಮೆರಿಕದಲ್ಲಿ ಮೂಲನಿವಾಸಿ ಸಮುದಾಯವೊಂದು ತಾನೇ ನಡೆಸಿದ ಮೊಟ್ಟಮೊದಲ ಕಾಲೇಜು. ಅದಕ್ಕೂ ಹಿಂದಿನ ತಲೆಮಾರುಗಳು ಕಂಡದ್ದು ಮಕ್ಕಳ ಜಡೆ ಕತ್ತರಿಸಿ, ತಾಯಿನುಡಿ ಆಡಿದರೆ ಶಿಕ್ಷಿಸುತ್ತಿದ್ದ ಸರ್ಕಾರಿ ವಸತಿ ಶಾಲೆಗಳನ್ನು. ಇಂದು ಸೇಲಿ ಎಂಬಲ್ಲಿರುವ ಮುಖ್ಯ ಆವರಣದ ನಡುವೆ, ಸಾಂಪ್ರದಾಯಿಕ ಹೋಗನ್ ಮನೆಯ ಆಕಾರದಲ್ಲಿ, ಗಾಜಿನ ಆರಂತಸ್ತಿನ ಕಟ್ಟಡವಿದೆ. ಕಾಲೇಜಿನ ಮೊದಲ ನವಾಹೊ ಅಧ್ಯಕ್ಷ ನೆಡ್ ಹತಾಥ್ಲಿ ಅವರ ಹೆಸರು ಅದಕ್ಕೆ.

ಇಂಥ ಕಾಲೇಜುಗಳು ಮೊದಲು ಹುಟ್ಟಿದ್ದು ಪಾಠಕ್ಕಾಗಿ, ಸಂಶೋಧನೆಗಲ್ಲ. ಒಬ್ಬ ಅಧ್ಯಾಪಕರ ತಲೆಯ ಮೇಲೆ ಸೆಮಿಸ್ಟರಿಗೆ ನಾಲ್ಕೈದು ಕೋರ್ಸ್ ಇರುವುದು ಸಾಮಾನ್ಯ. ಅದರ ಮೇಲೆ ವಿದ್ಯಾರ್ಥಿಗಳ ಕಷ್ಟಸುಖ ವಿಚಾರಿಸಬೇಕು, ಸಮಿತಿಗಳಲ್ಲಿ ಕೂರಬೇಕು. ದೊಡ್ಡ ವಿಶ್ವವಿದ್ಯಾಲಯದಲ್ಲಿ ಅನುದಾನದ ಅರ್ಜಿ ತುಂಬಲು, ಲೆಕ್ಕಪತ್ರ ಒಪ್ಪಿಸಲು ಬೇರೆಯೇ ಕಚೇರಿ ಇರುತ್ತದೆ. ಇಲ್ಲಿ ಅದೂ ಪಾಠ ಹೇಳುವವರ ಪಾಲಿಗೇ ಬರುತ್ತದೆ. ಸಾಮರ್ಥ್ಯ ಬೆಳೆಸುತ್ತೇವೆಂದು ಬರುವವರು ಮೊದಲು ನೋಡಬೇಕಾದದ್ದು ಇದನ್ನು ಎಂಬುದು ನನ್ನ ಬಲವಾದ ಅಭಿಪ್ರಾಯ. ಯಂತ್ರ ಕೊಡುವುದು ಸುಲಭ. ಅದನ್ನು ನಡೆಸುವ ತಂತ್ರಜ್ಞನ ಸಂಬಳ, ಕೆಟ್ಟರೆ ರಿಪೇರಿಯ ಖರ್ಚು, ಅಧ್ಯಾಪಕರಿಗೆ ಒಂದೆರಡು ಕೋರ್ಸಿನ ಬಿಡುವು ಇವನ್ನು ಕೊಡುವವರು ಕಡಿಮೆ. ಇವಿಲ್ಲದೆ ಹೋದರೆ ಯಂತ್ರ ಮೂಲೆ ಸೇರುತ್ತದೆ.

ಹಣದ ದಾರಿ ನಿಧಾನವಾಗಿ ತೆರೆದುಕೊಂಡಿತು. ಕೃಷಿ ಶಿಕ್ಷಣಕ್ಕೆಂದು ಅಮೆರಿಕದ ರಾಜ್ಯಗಳ ಕಾಲೇಜುಗಳಿಗೆ 1862ರಲ್ಲೇ ಸಿಕ್ಕಿದ್ದ ಭೂದತ್ತಿ ಕಾಲೇಜಿನ ಮಾನ್ಯತೆ ಮೂಲನಿವಾಸಿಗಳ ಕಾಲೇಜುಗಳಿಗೆ ಸಿಕ್ಕಿದ್ದು 1994ರಲ್ಲಿ. ಆ ಹಳೆಯ ಕಾಲೇಜುಗಳಿಗೆ ದತ್ತಿಯಾಗಿ ಹೋದ ನೆಲ ಇವರ ಪೂರ್ವಜರಿಂದ ಕಿತ್ತುಕೊಂಡದ್ದು ಎಂಬುದನ್ನು ನೆನೆದರೆ 132 ವರ್ಷಗಳ ಈ ತಡ ಇನ್ನಷ್ಟು ನೋಯಿಸುತ್ತದೆ. 2001ರಿಂದೀಚೆಗೆ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವೂ ಈ ಕಾಲೇಜುಗಳಿಗೆಂದೇ ಪ್ರತ್ಯೇಕ ಯೋಜನೆ ನಡೆಸುತ್ತಿದೆ.

ಡಿನೇ ಕಾಲೇಜು ಕಟ್ಟಿದ ಒಳ್ಳೆಯ ಕೆಲಸಗಳಲ್ಲಿ ಒಂದು ಬೇಸಿಗೆಯ ಸಾರ್ವಜನಿಕ ಆರೋಗ್ಯ ತರಬೇತಿ. ಪದವಿ ವಿದ್ಯಾರ್ಥಿಗಳು ಮೊದಲು ತರಗತಿಯಲ್ಲಿ ಸಂಶೋಧನಾ ವಿಧಾನ ಕಲಿಯುತ್ತಾರೆ. ಆಮೇಲೆ ಊರಿನ ಆರೋಗ್ಯ ಯೋಜನೆಯೊಂದರಲ್ಲಿ ಕೆಲಸ ಮಾಡಿ ಮಾಹಿತಿ ಕಲೆಹಾಕುತ್ತಾರೆ, ಕೊನೆಗೆ ಅದನ್ನು ವಿಶ್ಲೇಷಿಸಿ ಎಲ್ಲರ ಮುಂದೆ ಇಡುತ್ತಾರೆ. ಇಂಗ್ಲಿಷ್ ಬಾರದ ಅಜ್ಜಿಯನ್ನು ಮಾತಾಡಿಸಬೇಕಾದಾಗ ಇವರ ಬೆಲೆ ತಿಳಿಯುತ್ತದೆ. ಯಾರ ಕುಲ, ಯಾರ ಮೊಮ್ಮಗ ಎಂದು ಹೇಳಿಕೊಂಡ ಮೇಲಲ್ಲವೇ ಅಲ್ಲಿ ಮಾತು ಶುರುವಾಗುವುದು!

ಹೊರಗಿನಿಂದ ಬಂದವರ ಬಗ್ಗೆ ಅನುಮಾನ ಇರುವುದಕ್ಕೆ ಕಾರಣಗಳಿವೆ. 1944ರಿಂದ 1986ರವರೆಗೆ ಈ ನೆಲದಿಂದ ಸುಮಾರು 3 ಕೋಟಿ ಟನ್ ಯುರೇನಿಯಂ ಅದಿರು ತೆಗೆದರು. 500ಕ್ಕೂ ಹೆಚ್ಚು ಗಣಿಗಳನ್ನು ಹಾಗೇ ಬಿಟ್ಟು ಹೋದರು. ಅಮೆರಿಕದ ಆರೋಗ್ಯ ಇಲಾಖೆ ಗಣಿ ಕಾರ್ಮಿಕರ ಅಧ್ಯಯನ ನಡೆಸಿತು. ಆದರೆ ವಿಕಿರಣದ ಅಪಾಯವನ್ನು ಆ ಕಾರ್ಮಿಕರಿಗೇ ತಿಳಿಸಲಿಲ್ಲ. ನೆರೆಯ ಹವಾಸುಪೈ ಜನರ ಕಥೆ ಇನ್ನೊಂದು. ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆಂದು 1990ರ ಸುಮಾರಿಗೆ ಅವರು ಕೊಟ್ಟ ರಕ್ತವನ್ನು ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಸ್ಕಿಜೋಫ್ರೇನಿಯಾ, ಒಳಸಂಬಂಧ, ವಲಸೆಯ ಮೂಲ ಮುಂತಾದ ಅಧ್ಯಯನಗಳಿಗೂ ಬಳಸಿದ್ದರು. ಮೊಕದ್ದಮೆ 2010ರಲ್ಲಿ 7 ಲಕ್ಷ ಡಾಲರ್ ಪರಿಹಾರದೊಂದಿಗೆ ರಾಜಿಯಾಯಿತು. ಉಳಿದಿದ್ದ ರಕ್ತವನ್ನು ಆ ಜನ ವಾಪಸ್ ಪಡೆದು ಊರಿಗೆ ಕೊಂಡೊಯ್ದರು.

ನವಾಹೊ ರಾಷ್ಟ್ರ 1996ರಲ್ಲಿ ತನ್ನದೇ ಸಂಶೋಧನಾ ಪರಿಶೀಲನಾ ಮಂಡಳಿ ಸ್ಥಾಪಿಸಿತು. ಇಲ್ಲಿ ಜನರ ಮೇಲೆ ಅಧ್ಯಯನ ನಡೆಸಲು ಬರುವವರು ಮೊದಲು ಸ್ಥಳೀಯ ಸಮುದಾಯದ ಒಪ್ಪಿಗೆ ತರಬೇಕು. ಲೇಖನ ಪ್ರಕಟಿಸುವ ಮುನ್ನ ಮಂಡಳಿಗೆ ತೋರಿಸಬೇಕು, ಫಲಿತಾಂಶವನ್ನು ಜನರಿಗೆ ತಿಳಿಸಬೇಕು, ದತ್ತಾಂಶ ಒಪ್ಪಿಸಬೇಕು. ಇದರಿಂದ ಕೆಲಸ ತಡವಾಗುತ್ತದೆ ಎಂದು ಗೊಣಗುವವರಿದ್ದಾರೆ. ತಡವಾಗಲಿ ಬಿಡಿ. ಗಣಿ ಕಾರ್ಮಿಕರ ವಿಧವೆಯರು ಪರಿಹಾರಕ್ಕಾಗಿ ಕಾದಷ್ಟು ಕಾಲ ಯಾವ ಸಂಶೋಧಕನೂ ಕಾಯಬೇಕಾಗಿಲ್ಲ.

2002ರಲ್ಲಿ ನವಾಹೊ ರಾಷ್ಟ್ರ ತನ್ನ ನೆಲದಲ್ಲಿ ವಂಶವಾಹಿ ಸಂಶೋಧನೆಗೆ ತಡೆ ಹಾಕಿತು. ಅದನ್ನು ಸಡಿಲಿಸಬೇಕೇ ಎಂಬ ಚರ್ಚೆ ಇತ್ತೀಚಿನ ವರ್ಷಗಳಲ್ಲಿ ಎದ್ದಿದೆ. ಟ್ಯೂಬಾ ಸಿಟಿಯಲ್ಲಿ 2019ರಲ್ಲಿ ಕ್ಯಾನ್ಸರ್ ಕೇಂದ್ರ ಶುರುವಾಗಿದೆ, ಹೊಸ ಚಿಕಿತ್ಸೆಗಳಿಗೆ ವಂಶವಾಹಿ ಮಾಹಿತಿ ಬೇಕು. ತಡೆ ತೆಗೆದರೆ ಮಾದರಿಗಳನ್ನು ಇಡುವ ಫ್ರೀಜರ್ ಎಲ್ಲಿರಬೇಕು, ಅದರ ಬೀಗದ ಕೈ ಯಾರ ಹತ್ತಿರ, ವಿಶ್ಲೇಷಿಸುವ ನವಾಹೊ ತಜ್ಞರು ಎಷ್ಟು ಜನ? ಆ ತಜ್ಞರು ಇಂಥ ಕಾಲೇಜುಗಳಿಂದ ಬರಬೇಕು, ಬರಲು ಇನ್ನೂ ವರ್ಷಗಳು ಬೇಕು. ಅಲ್ಲಿಯವರೆಗೆ ಅಧ್ಯಾಪಕರಿಗೆ ಬಿಡುವು, ವಿದ್ಯಾರ್ಥಿಗೆ ಬೇಸಿಗೆಯ ಸ್ಟೈಪೆಂಡ್, ಅನುದಾನ ನೋಡಿಕೊಳ್ಳಲು ಒಬ್ಬ ಗುಮಾಸ್ತ ಇವಿಷ್ಟು ಯಾವ ಯೋಜನೆ ಮುಗಿದರೂ ನಿಲ್ಲದೆ ಸಿಗುತ್ತಿರಬೇಕು.