ನೆಟ್ ಹೋದರೂ ಮಿರಜದ ದಾರಿ ಸಿಕ್ಕಿತು

ಬೀಡಿ ಕಟ್ಟುವ ನಮ್ಮ ಮನೆಗಳಿಗೆ ನಿಪ್ಪಾಣಿ ಎಂದರೆ ತಂಬಾಕಿನ ಹೆಸರು. ಹೋದ ಮಳೆಗಾಲದಲ್ಲಿ ನಮಗದು ದಾರಿಯ ಊರಾಯಿತು. ಉಮ್ಮಾನನ್ನು ಮಿರಜದ ಡಾಕ್ಟರಿಗೆ ತೋರಿಸಬೇಕಿತ್ತು. ನಿಪ್ಪಾಣಿಯಲ್ಲಿ ಹೈವೇ ಬಿಟ್ಟು ಚಿಕ್ಕೋಡಿ ತಲುಪುವಷ್ಟರಲ್ಲಿ ಮಗ್ರಿಬ್ ಆಗಿತ್ತು, ಮಳೆ ಬೇರೆ. ಫೋನಿನ ಮ್ಯಾಪು ಅರ್ಧ ತೆರೆದು ನಿಂತಿತು. ಕಂಡಷ್ಟರಲ್ಲಿ ಯಾವುದೋ ಹತ್ತಿರದ ಒಳದಾರಿ ತೋರಿಸುತ್ತಿತ್ತು.

ಚಹಾ ಅಂಗಡಿಯ ಚಾಚಾ ಫೋನ್ ನೋಡಿಯೇ ತಡೆದರು. "ಒಳದಾರಿ ಹಿಡೀಬ್ಯಾಡ್ರಿ ಸಾಹೇಬ್ರ. ಕಲ್ಲೋಳ-ಯಡೂರ ಸೇತುವಿ ನೀರಾಗ ಐತಿ. ಅಮ್ಮಾರನ್ನ ಕರ್ಕೊಂಡು ರಾತ್ರಿ ಎಲ್ಲಿ ಹೊಳ್ಳತೀರಿ?"

ಕಲ್ಲೋಳ-ಯಡೂರ ಒಂದೇ ಅಲ್ಲ. ಮಲಿಕವಾಡ-ದತ್ತವಾಡ, ಕಾರದಗಾ-ಭೋಜ, ಸಿದ್ನಾಳ-ಅಕ್ಕೋಳ, ಜತ್ರಾಟ-ಭಿವಶಿ, ಎಲ್ಲ ತಗ್ಗಿನ ಸೇತುವೆಗಳು. ಮಹಾರಾಷ್ಟ್ರದ ಕಡೆ ಮಳೆ ಜೋರಾದರೆ ಕೃಷ್ಣಾ, ದೂಧಗಂಗಾ, ವೇದಗಂಗಾ ತುಂಬಿ ಇವು ಮುಳುಗುತ್ತವೆ. ಮ್ಯಾಪಿಗೆ ರಸ್ತೆ ಕಾಣುತ್ತದೆ, ಅದರ ಮೇಲಿನ ನೀರು ಎಲ್ಲಾ ಸಲ ಕಾಣುವುದಿಲ್ಲ.

ಚಾಚಾ ಹೇಳುತ್ತಾ ಹೋದರು, ನಾವು ಉಮ್ಮಾನ ಕೀಪ್ಯಾಡ್ ಫೋನಿಗೆ ಮೆಸೇಜು ಮಾಡಿಟ್ಟೆವು: "ಅಂಕಲಿ, ಮಾಂಜರಿ ಸೇತುವೆ, ಕಾಗವಾಡ, ಮ್ಹೈಸಾಳ, ಮಿರಜ." ಇಷ್ಟೇ. ಚಾರ್ಜು ಮುಗಿಯುವ ಹೆದರಿಕೆಯೂ ಇಲ್ಲ ಮಾರಾಯ್ರೆ!

ಮ್ಯಾಪು ಚಿತ್ರ ಎಳೆಯಬೇಕು, ಅದಕ್ಕೆ ನೆಟ್ ಬೇಕು. ಅಕ್ಷರಕ್ಕೆ ಬೇಡ, ಸಾದಾ ಸಿಗ್ನಲ್ ಸಾಕು. ಆದರೆ ಕನ್ನಡದಲ್ಲಿ ಕಳಿಸುವವರು ಒಂದು ಲೆಕ್ಕ ತಿಳಿದಿರಬೇಕು. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70 ಮಾತ್ರ. ಅದರಲ್ಲೂ ಒತ್ತು, ಕೊಂಬು, ಗುಡಿಸು ಎಲ್ಲವನ್ನೂ ಫೋನು ಬೇರೆ ಬೇರೆ ಎಣಿಸುತ್ತದೆ. 'ಚಿಕ್ಕೋಡಿ' ನಮ್ಮ ಕಣ್ಣಿಗೆ ಮೂರು ಅಕ್ಷರ, ಅದರ ಲೆಕ್ಕಕ್ಕೆ ಎಂಟು. ಹಾಗಾಗಿ "ಅಲ್ಲಿಂದ ಮುಂದೆ ಹೋದರೆ ಸಿಗುತ್ತದೆ" ಎಂದೆಲ್ಲ ಬರೆಯದೆ, ಊರಿನ ಹೆಸರು, ಸೇತುವೆ, ತಿರುವು ಮಾತ್ರ ಹಾಕಿ. ನಮ್ಮದು ಒಂದೇ ಮೆಸೇಜಿನಲ್ಲಿ ಮುಗಿದು ಜಾಗ ಉಳಿಯಿತು.

ಅಥಣಿಯಿಂದ ಕಾಗವಾಡದ ಮೇಲೆ ಮಿರಜಕ್ಕೆ ಹೋಗುವವರು ಕೃಷ್ಣಾ ದಾಟಬೇಕಿಲ್ಲ. ಚಿಕ್ಕೋಡಿ, ರಾಯಬಾಗದವರಿಗೆ ಹೊಳೆ ದಾಟದೆ ಬೇರೆ ದಾರಿಯಿಲ್ಲ. ರಾಯಬಾಗ, ಕುಡಚಿಯಿಂದ ಮಿರಜಕ್ಕೆ ರೈಲೂ ಇದೆ, ಹೊಳೆ ತುಂಬಿದ ದಿನ ಮೊದಲು ಅದರ ಸಮಯ ವಿಚಾರಿಸುವುದು ಒಳ್ಳೆಯದು.

ಮೆಸೇಜಿಗೂ ಒಂದು ಕೊರತೆ ಇದೆ. ಬೆಳಗ್ಗೆ ಬರೆದದ್ದು ಸಂಜೆಗೆ ಸುಳ್ಳಾಗಬಹುದು. ಅದಕ್ಕೇ ಅಂಕಲಿಯಲ್ಲಿ ಗಾಡಿ ನಿಲ್ಲಿಸಿ, "ಮಾಂಜರಿ ಸೇತುವೆ ತೆರೆದಿದೆಯಾ?" ಎಂದು ಕೇಳಿಯೇ ಮುಂದೆ ಹೋದೆವು. ತೆರೆದಿತ್ತು. ಕಾಗವಾಡ ದಾಟಿದ ಮೇಲೆ ಬೋರ್ಡುಗಳು ಮರಾಠಿಯಾದವು. ಉಮ್ಮ ಹಿಂದಿನ ಸೀಟಿನಲ್ಲಿ ಫೋನ್ ಹಿಡಿದು, "ಇನ್ನು ಮ್ಹೈಸಾಳ, ಆಮೇಲೆ ಮಿರಜ" ಎಂದು ಓದಿ ಹೇಳುತ್ತಿದ್ದರು. ಇಶಾ ಹೊತ್ತಿಗೆ ಆಸ್ಪತ್ರೆಯ ಗೇಟಿನಲ್ಲಿದ್ದೆವು.